ಕುಂಬಾರ್ಲೆಂಡಿನ ಅಂಕಲ್

ಅವರ ಎರಡೂ ಕಿವಿಗಳ ಮೇಲೆ ಒಂದೊಂದು ಪೆನ್ಸಿಲ್ ಇರುತ್ತಿತ್ತು. ಎಡಗಿವಿಯ ಮೇಲೆ ಕಪ್ಪು, ಬಲಗಿವಿಯ ಮೇಲೆ ಕೆಂಪು. ಕಿವಿಗಳೋ, ಅಬ್ಬಬ್ಬಾ, ಮೊರದಗಲ! ಕನ್ನಡಕದ ಕಡ್ಡಿ, ಪೆನ್ಸಿಲ್ಲು, ಕೊರೊನಾ ಕಾಲದಲ್ಲಿ ಮಾಸ್ಕಿನ ದಾರ, ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಯಾರಾದರೂ ಒಂದು ಹೆಸರು ಹೇಳಿದರೆ ಸಾಕು, ಕಣ್ಣು ಮುಚ್ಚಿ, ಅಂಗೈಯನ್ನು ಕಿವಿಯ ಹಿಂದೆ ಬಟ್ಟಲು ಮಾಡಿ ಇಟ್ಟುಕೊಂಡು, "ಇನ್ನೊಮ್ಮೆ ಹೇಳಿ, ಸಾವಕಾಶ" ಎನ್ನುತ್ತಿದ್ದರು. ಕಪ್ಪು ಪೆನ್ಸಿಲ್ ಅನುಮಾನಕ್ಕೆ, ಕೆಂಪು ಪೆನ್ಸಿಲ್ ಖಾತ್ರಿಗೆ. ಕೆಂಪು ಕೆಳಗಿಳಿಯುವುದು ಬಲು ಅಪರೂಪ.

ಸಿಡ್ನಿಯ ಲಿವರ್‌ಪೂಲಿನ ಲೈಬ್ರರಿಯೊಂದರ ಮೂಲೆಯಲ್ಲಿ, ತಮ್ಮ ಹಿರಿಯರನ್ನು ಹುಡುಕುವವರಿಗೆಂದು ಒಂದು ಕೋಣೆ ಇದೆ. ಆರು ಕುರ್ಚಿ, ಎರಡು ಕಂಪ್ಯೂಟರ್, ಹಳೆಯ ದಾಖಲೆಗಳ ಫಿಲ್ಮ್ ಸುರುಳಿ ಹಾಕಿ ತಿರುಗಿಸುತ್ತ ಓದುವ ಒಂದು ಮುದಿ ಯಂತ್ರ. ಪ್ರತಿ ಗುರುವಾರ ಅಲ್ಲಿ ಬಿಟ್ಟಿ ಸೇವೆಗೆ ಕೂರುತ್ತಿದ್ದವರು ಈ ಅಂಕಲ್. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ಇಲ್ಲಿನ ಆಸ್ಪತ್ರೆಯೊಂದರ ಉಗ್ರಾಣದಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಗ ಅದೇ ಸಬರ್ಬಿನಲ್ಲಿ ಬೇರೆ ಮನೆ ಮಾಡಿದ್ದ. ಸತ್ತವರನ್ನು ಹುಡುಕುವುದೇ ಅವರ ಕಸುಬು, ಆದರೆ ಅವರಷ್ಟು ನಗುವ ಮನುಷ್ಯನನ್ನು ನಾನು ಬೇರೆ ನೋಡಿಲ್ಲ.

ನಾನು ಧಾರವಾಡದವಳು, ವೆಸ್ಟ್‌ಮೀಡಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ದುಡಿಯುವವಳು. ತಾಳ್ಮೆ ಎಂಬುದು ನನಗೆ ಹುಟ್ಟಿನಿಂದಲೇ ಇಲ್ಲ. ಆ ಕೋಣೆಗೆ ಹೋದ ಮೊದಲ ದಿನ ಯಂತ್ರದ ಸುರುಳಿ ಸಿಕ್ಕಿಕೊಂಡು ಹತ್ತು ನಿಮಿಷ ಒದ್ದಾಡಿ, ಕೊನೆಗೆ "ಹಾಳಾಗಿ ಹೋಗ್ಲಿ!" ಎಂದು ಬೈದೆ. ಹಿಂದಿನಿಂದ ಅಚ್ಚ ಕನ್ನಡದಲ್ಲಿ ಒಂದು ಧ್ವನಿ ಬಂತು.

"ಹಾಳಾಗುವುದು ಬೇಡ ಬಾಯಿ, ಒಮ್ಮೆ ಹಿಂದೆ ತಿರುಗಿಸಿದ್ರೆ ಸಾಕು."

ತಿರುಗಿ ನೋಡಿದರೆ ಎರಡು ಪೆನ್ಸಿಲ್ಲಿನ ಮನುಷ್ಯ. ಕನ್ನಡ ಕೇಳಿದ ಸಂತೋಷಕ್ಕಿಂತ ಸಿಟ್ಟು ಮುಂದೆ ಬಂತು. ಗುರುತಿಲ್ಲ, ಪರಿಚಯವಿಲ್ಲ, ನನ್ನನ್ನು "ಬಾಯಿ" ಎನ್ನುವುದೇ? ನನಗೆ ಬಾಯಿ ಜಾಸ್ತಿ ಎಂದು ಊರಲ್ಲೆಲ್ಲ ಹೇಳುತ್ತಿದ್ದರು ನಿಜ, ಆದರೆ ಇವರಿಗೆ ಹೇಗೆ ಗೊತ್ತಾಯಿತು? ಅವರ ಕೊಂಕಣಿಯಲ್ಲಿ ಬಾಯಿ ಎಂದರೆ ಮಗಳಂಥವಳು ಎಂದು ತಿಳಿಯಲು ನನಗೆ ಮೂರು ಗುರುವಾರ ಬೇಕಾಯಿತು. ತಿಳಿದ ದಿನ ನಾನು ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ಎರಡೂ ಅರ್ಥ ನಿನಗೆ ಸರಿಯೇ ಉಂಟು" ಎಂದರು.

ನಾನು ಅಲ್ಲಿಗೆ ಹೋದದ್ದು ಅವ್ವನ ಸಲುವಾಗಿ. ಅವ್ವನಿಗೆ ಎಂಬತ್ತು ದಾಟಿದೆ. ಮೆಲ್ಬರ್ನಿನ ವೆರಿಬೀಯಲ್ಲಿ ನನ್ನ ತಮ್ಮನ ಜೊತೆ ಇದ್ದಾಳೆ. ಈ ದೇಶಕ್ಕೆ ಬಂದ ದಿನ ಏರ್‌ಪೋರ್ಟಿನ ಬಾಗಿಲು ದಾಟಿದವಳೇ ಆಚೀಚೆ ನೋಡಿ, "ಇಲ್ಲೇ ಎಲ್ಲೋ ನಮ್ಮಜ್ಜ ಅದಾನ" ಅಂದಿದ್ದಳು. ಅವಳ ಅಜ್ಜ, ಅಂದರೆ ಅವಳ ತಂದೆಯ ತಂದೆ, ಬಸಲಿಂಗಪ್ಪ, ಬೆಳಗಾವಿಯ ದಂಡಿನಲ್ಲಿ ಕುದುರೆ ನೋಡಿಕೊಳ್ಳುವ ಸಾಯಿಸನಾಗಿದ್ದ. ಸಾಹೇಬನೊಬ್ಬನ ಜೊತೆ ಹಡಗು ಹತ್ತಿ ಕುದುರೆ ತರಲು ಆಸ್ಟ್ರೇಲಿಯಕ್ಕೆ ಬಂದ. ಆಗ ಅವನ ಮಗ, ಅವ್ವನ ಅಪ್ಪ, ತೊಟ್ಟಿಲಲ್ಲಿದ್ದ. ಮುಂದಿನದನ್ನು ಅವ್ವ ಒಂದೇ ಮಾತಿನಲ್ಲಿ ಹೇಳುತ್ತಾಳೆ: "ಕುದುರಿ ಬಂದ್ವು, ನಮ್ಮಜ್ಜ ಬರಲಿಲ್ಲ."

ಊರವರು ಸುಮ್ಮನಿರುತ್ತಾರೆಯೇ? ಅಲ್ಲಿ ಬಿಳಿ ಹೆಂಗಸನ್ನು ಕಟ್ಟಿಕೊಂಡ, ಮಕ್ಕಳನ್ನು ಮಾಡಿಕೊಂಡ ಎಂದು ಕಥೆ ಹುಟ್ಟಿಸಿದರು. ನಮ್ಮ ಮನೆಗೆ "ಓಡಿ ಹೋದವ್ರ ಮನಿ" ಎಂದೇ ಹೆಸರು ಬಿತ್ತು. ಅವ್ವ ಸಾಲೆಗೆ ಹೋದಾಗ ಹುಡುಗಿಯರು ಹಾಗೇ ಕರೆದರು, ಅವ್ವನನ್ನು ನೋಡಲು ಬಂದ ಮೊದಲ ಎರಡು ಗಂಡಿನ ಕಡೆಯವರು ಅದೇ ಮಾತು ಎತ್ತಿ ಎದ್ದು ಹೋದರು. ಬಸಲಿಂಗಪ್ಪನ ಹೆಂಡತಿ, ನಾವೆಲ್ಲ ಆಯಿ ಎಂದೇ ಹೇಳುವ ಹಿರಿಯಳು, ಸಾಯುವ ತನಕ ಕುಂಕುಮ, ಹಸಿರು ಬಳೆ ಬಿಡಲಿಲ್ಲ. ಅದಕ್ಕೂ ಜನ ನಕ್ಕರು. ಅವ್ವ ನನ್ನ ಕೈ ಹಿಡಿದು ಕೇಳಿದ್ದು ಇಷ್ಟು: "ಅಂವಾ ಖರೇನ ನಮ್ಮನ್ನ ಬಿಟ್ಟು ಓಡಿ ಹೋದನೋ ಇಲ್ಲೋ, ಅಷ್ಟು ತಿಳದ್ರ ಸಾಕವಾ. ಹೌದಾದ್ರ ಹೌದು. ತಿಳಕೊಂಡು ಸಾಯ್ತೀನಿ."

ಇದನ್ನೆಲ್ಲ ಅಂಕಲ್ ಕಣ್ಣು ಮುಚ್ಚಿಕೊಂಡೇ ಕೇಳಿದರು. "ಊರಿನ ಹೆಸರು ಎಂತಾದ್ರೂ ಗೊತ್ತುಂಟಾ?"

ನನಗೆ ನಾಚಿಕೆಯಾಯಿತು. "ಒಂದೇ ಒಂದು ಕಾಗದ ಬಂದಿತ್ತಂತೆ ಅಂಕಲ್. ಅದನ್ನು ಗೆದ್ದಲು ತಿಂತು. ಓದಿಸಿ ಕೇಳಿದ್ದ ಆಯಿ ಒಂದು ಮಾತು ಮಾತ್ರ ನೆನಪಿಟ್ಟಿದ್ದಳು. ಗಂಡ ಕುಂಬಾರ್ಲೆಂಡಿನ್ಯಾಗ ಅದಾನ ಅಂತಿದ್ದಳಂತೆ. ಕುಂಬಾರ ಓಣ್ಯಾಗ ಅದಾನೇನು ಅಂತ ಊರವರು ಚಾಷ್ಟಿ ಮಾಡ್ತಿದ್ದರು."

ಅಂಕಲ್ ಕಣ್ಣು ತೆರೆದರು. "ನೀನು ಇವತ್ತು ವೆಸ್ಟ್‌ಮೀಡಿನಿಂದ ಎಂತದ್ರಲ್ಲಿ ಬಂದದ್ದು?"

"ಟ್ರೇನಲ್ಲಿ. ಟಿ ಫೈವ್."

"ಅದರ ಪೂರ್ತಿ ಹೆಸರು?"

ಫೋನ್ ತೆಗೆದು ನೋಡಿದೆ. ಕಂಬರ್ಲೆಂಡ್ ಲೈನ್. ಆರು ವರ್ಷದಿಂದ ಓಡಾಡುತ್ತಿದ್ದ ರೈಲು! ನನ್ನ ಮುಖ ನೋಡಿ ಅವರು ಮೇಜು ತಟ್ಟಿ ನಕ್ಕರು. "ನಿನ್ನ ಆಯಿಯ ಕಿವಿ ಚಿನ್ನ ಮಾರಾಯ್ತಿ! ಹಳೆಯ ಕಾಗದ ಪತ್ರದಲ್ಲಿ ಈ ಸೀಮೆಗೆ ಕಂಬರ್ಲೆಂಡ್ ಕೌಂಟಿ ಅಂತಲೇ ಬರೆಯುವುದು. ನೀನು ಈಗ ಕೂತದ್ದೇ ಕುಂಬಾರ್ಲೆಂಡಿನಲ್ಲಿ!"

ಅವತ್ತಿನಿಂದ ಅವರು ನನ್ನ ಫೋನಿನಲ್ಲಿ "ಕುಂಬಾರ್ಲೆಂಡ್ ಅಂಕಲ್" ಆದರು. ಈ ನಾಡಿನ ಹಳೆಯ ನಕ್ಷೆಗಳಲ್ಲಿ ಜಮೀನನ್ನು ಮೊದಲು ಕೌಂಟಿಗಳಾಗಿ, ಕೌಂಟಿಯನ್ನು ಪ್ಯಾರಿಷ್‌ಗಳಾಗಿ ಹಂಚಿದ್ದಾರೆ ಎಂದು ನನಗೆ ಹೇಳಿಕೊಟ್ಟರು. ಹೇಳಿಕೊಡುವಾಗ ತಮ್ಮದೇ ಮೂರ್ಖತನವನ್ನು ಮುಂದಿಟ್ಟರು. ಅವರು ಈ ಹುಚ್ಚಿಗೆ ಬಿದ್ದದ್ದು ಹೆಂಡತಿಯ ಅಜ್ಜನ ತಮ್ಮ, ಹಡಗಿನ ಅಡುಗೆಯವ, ಇಲ್ಲಿ ನೆಲೆಸಿದ್ದನೆಂದು ಕೇಳಿ. ಸಿಕ್ಕಿದ ಮೊದಲ ದಾಖಲೆಯಲ್ಲಿ ಒಬ್ಬ ಸಂತನ ಹೆಸರಿನ ಪ್ಯಾರಿಷ್ ಇತ್ತು. ಮಂಗಳೂರಿನ ಕ್ರೈಸ್ತರಿಗೆ ಪ್ಯಾರಿಷ್ ಎಂದರೆ ಇಗರ್ಜಿ ಎನ್ನುವ ಚರ್ಚು, ಪಾದ್ರಿ, ಜ್ಞಾನಸ್ನಾನದ ರಿಜಿಸ್ಟರು, ವರ್ಷದ ಹಬ್ಬ. ಎರಡು ವರ್ಷ ಅಲ್ಲಿನ ಪಾದ್ರಿಗೆ "ಪೂಜ್ಯ ವಿಗಾರರೇ" ಎಂದು ಕಾಗದ ಬರೆದದ್ದೇ ಬರೆದದ್ದು. ಉತ್ತರವಿಲ್ಲ. ಕೊನೆಗೆ ಹೆಂಡತಿಯನ್ನು ಕಾರಿನಲ್ಲಿ ಕೂರಿಸಿ, ಆಕೆಗೆ ಹೊಸ ಸೀರೆ ಉಡಿಸಿ, ನಕ್ಷೆ ಹಿಡಿದು ಹುಡುಕುತ್ತ ಹೋದರು.

"ಹೋಗಿ ನೋಡಿದ್ರೆ ಇಗರ್ಜಿ ಇಲ್ಲ, ಪಾದ್ರಿ ಇಲ್ಲ. ಬೇಲಿ ಉಂಟು, ಒಳಗೆ ಕುರಿ ಉಂಟು. ನನ್ನ ಹೆಂಡತಿ ಕಾರಿನಿಂದ ಇಳಿಯಲೇ ಇಲ್ಲ. ಹೋಗಿ, ನಿಮ್ಮ ವಿಗಾರರ ಹತ್ರ ಮಾತಾಡಿ ಬನ್ನಿ ಹೇಳಿದಳು!"

ಪ್ಯಾರಿಷ್ ಎಂದರೆ ಇಲ್ಲಿ ಬರೀ ಜಮೀನಿನ ತುಂಡು ಎಂದು ಅವರಿಗೆ ಗೊತ್ತಾದದ್ದು ಹಾಗೆ.

ಅವರು ಹುಡುಕುವ ರೀತಿಯೇ ಬೇರೆ. ಬೇರೆಯವರು ಕಣ್ಣಿನಿಂದ ಹುಡುಕಿದರೆ ಇವರು ಕಿವಿಯಿಂದ. "ಕಾಗದ ಸುಳ್ಳು ಹೇಳುವುದಿಲ್ಲ ಬಾಯಿ. ಬರೆದವನ ಕಿವಿ ಹೇಳ್ತದೆ" ಎನ್ನುತ್ತಿದ್ದರು. ಆ ಕಾಲದ ಗುಮಾಸ್ತ ನಮ್ಮವರ ಹೆಸರನ್ನು ಕೇಳಿದ ಹಾಗೆ ಬರೆದ, ಹಾಗಾಗಿ ನಾವು ಅವನ ಕಿವಿ ಇಟ್ಟುಕೊಂಡು ಕೇಳಬೇಕು. ಅದಕ್ಕೆ ನನ್ನಿಂದ ಏನೇನೋ ಸರ್ಕಸ್ ಮಾಡಿಸಿದರು. ಮೂಗು ಹಿಡಿದುಕೊಂಡು ಬಸಲಿಂಗಪ್ಪ ಅನ್ನು. ಬಾಯಲ್ಲಿ ಪೆನ್ಸಿಲ್ ಕಚ್ಚಿಕೊಂಡು ಬಸಲಿಂಗಪ್ಪ ಅನ್ನು. ಓಡಿ ಬಂದು ಏದುಸಿರಿನಲ್ಲಿ ಬಸಲಿಂಗಪ್ಪ ಅನ್ನು. ಲೈಬ್ರರಿಯ ವಿಯೆಟ್ನಾಮಿ ಹೆಂಗಸು ಮೊದಲು ಗಾಬರಿಯಾದಳು, ಆಮೇಲೆ ನಾನು ಬಾಗಿಲಿಗೆ ಬಂದ ಕೂಡಲೇ ತಾನೇ "ಬಸ್ಸಿ ಲಿಂಗ್ ಅಪ್ಪಾ" ಎಂದು ಸ್ವಾಗತಿಸತೊಡಗಿದಳು. ಬೇಸಿಲ್ ಅಪ್ಪರ್, ಬೇಸಿಲ್ ಲಿಂಗ್, ಬಸ್ಲಿನ್, ಹೀಗೆ ಅಂಕಲ್ ಕಪ್ಪು ಪೆನ್ಸಿಲ್ಲಿನಲ್ಲಿ ಎರಡು ಪುಟ ಬರೆದರು. ಕೌಂಟಿಯ ಹಡಗು ಪಟ್ಟಿ, ಆಸ್ಪತ್ರೆ ಪಟ್ಟಿ, ಹೂಳಿದವರ ಪಟ್ಟಿ ಎಲ್ಲ ಜಾಲಾಡಿದೆವು. ಎಂಟು ತಿಂಗಳು ಹೋದವು. ಒಬ್ಬ ಬೇಸಿಲ್ ಸಿಕ್ಕ, ಅವನು ಬೇಕರಿಯವನು, ಹುಟ್ಟಾ ಇಂಗ್ಲೆಂಡಿನವನು.

ಮೊದಲ ದಿನವೇ ಅವರು ಒಂದು ಹಾಳೆ ಕೊಟ್ಟು ಮನೆಯವರ ಹೆಸರೆಲ್ಲ ತುಂಬಿಸು ಎಂದಿದ್ದರು. ಮಗನ ಜಾಗದಲ್ಲಿ ವೀರಪ್ಪ ಎಂದು ಬರೆದೆ, ನನ್ನ ಅಜ್ಜ ವೀರಪ್ಪ ಮಾಸ್ತರರು. ಹೆಂಡತಿಯ ಜಾಗ ಖಾಲಿ ಬಿಟ್ಟೆ. ಆಯಿಗೆ ಆಯಿ ಎನ್ನುವುದನ್ನು ಬಿಟ್ಟು ಇನ್ನೊಂದು ಹೆಸರಿರಬಹುದೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ಅವ್ವನನ್ನು ಕೇಳಿ ಹೇಳುತ್ತೇನೆ ಎಂದವಳು ಮರೆತೇಬಿಟ್ಟೆ. ಈ ಖಾಲಿ ಜಾಗ ಮುಂದೆ ನನ್ನ ಮಾನ ಕಳೆಯಿತು.

ಅಂಕಲ್ ಹತ್ತಿರ ಒಂದು ಹಸಿರು ರಟ್ಟಿನ ನೋಟ್‌ಬುಕ್ಕು ಇತ್ತು. ಅದಕ್ಕೆ ಅವರು ಅನಾಥ ಪುಸ್ತಕ ಎನ್ನುತ್ತಿದ್ದರು. ಯಾರದೋ ಹಿರಿಯರನ್ನು ಹುಡುಕುವಾಗ ರಿಜಿಸ್ಟರಿನಲ್ಲಿ ಇಂಡಿಯಾದವನು ಎಂದು ಕಂಡ, ಇದುವರೆಗೆ ಯಾರೂ ಕೇಳಿಕೊಂಡು ಬಾರದ ಹೆಸರುಗಳು ಅದರಲ್ಲಿದ್ದವು. ನವೆಂಬರ್ ಎರಡಕ್ಕೆ ಅವರಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ದಿನ. ಅಂದು ಆ ಪುಸ್ತಕದಲ್ಲಿ ಕ್ರೈಸ್ತರೆಂದು ತೋರಿದ ಹೆಸರುಗಳಿಗೆ ಒಂದೊಂದು ಮೇಣದ ಬತ್ತಿ ಹಚ್ಚುತ್ತಿದ್ದರು. "ಪಾಪ, ಅವರಿಗೆ ಇಲ್ಲಿ ಯಾರುಂಟು?"

ಒಂದು ಗುರುವಾರ ಮಧ್ಯಾಹ್ನ ಲೈಬ್ರರಿಯ ಹೊರಗಿನ ಬೆಂಚಿನಲ್ಲಿ ಕೂತು ಇಬ್ಬರೂ ಚಕ್ಕುಲಿ ತಿನ್ನುತ್ತಿದ್ದೆವು. ಹೆಸರು ಸಾಕು, ಮನೆಯಲ್ಲಿ ಕರೆಯುವ ಅಡ್ಡ ಹೆಸರು ಏನಾದರೂ ಇತ್ತೇ ಎಂದು ಅಮ್ಮನನ್ನೇ ಕೇಳೋಣ ಎಂದರು ಅಂಕಲ್. ವೆರಿಬೀಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅವ್ವನಿಗೆ ಎಡಗಿವಿ ಪೂರ್ತಿ ಕೇಳಿಸುವುದಿಲ್ಲ, ಫೋನನ್ನು ಹಿಡಿಯುವುದು ಯಾವಾಗಲೂ ಅದೇ ಕಿವಿಗೆ.

"ಅಮ್ಮಾ, ನಮಸ್ಕಾರ. ನಿಮ್ಮ ಅಜ್ಜನವರನ್ನು ಮನೆಯಲ್ಲಿ ಎಂತ ಹೇಳಿ ಕರೀತಿದ್ರು?"

"ಏನ್ರೀ?"

"ಹೆಸರು! ಕರೆಯುವ ಹೆಸರು!"

"ಏನ್ರೀ? ಜೋರ ಹೇಳ್ರೀ!"

"ಹೆಸರೂ!"

"ಏನ್ರೀ?"

ಅಂಕಲ್ ಚಕ್ಕುಲಿ ಅಗಿಯುವುದನ್ನು ನಿಲ್ಲಿಸಿದರು. ಕಣ್ಣು ಮುಚ್ಚಿದರು. ಕೈ ತಾನಾಗಿಯೇ ಕಿವಿಯ ಹಿಂದೆ ಹೋಯಿತು. "ಬಾಯಿ, ಅಮ್ಮ ಈಗ ಹೇಳಿದ್ದು ಎಂತ?"

"ಏನ್ರೀ ಅಂದ್ರು ಅಂಕಲ್. ಕೇಳಿಸಲಿಲ್ಲ ಅಂತ."

"ನಿಮ್ಮ ಕಡೆ ಎಲ್ಲರೂ ಹಾಗೇ ಹೇಳುವುದಾ?"

"ಮತ್ತೇನು? ನಮ್ಮ ಕಡೆ ಕೂಸುಗಳು ತೊಟ್ಟಿಲಲ್ಲೇ ಏನ್ರೀ ಅನ್ನುತ್ತವೆ."

"ಎಂಟು ತಿಂಗಳಲ್ಲಿ ನೀನು ಒಂದು ಸಲ ಹೇಳಲಿಲ್ಲ!"

ಹೌದು, ಹೇಳಿರಲಿಲ್ಲ. ನನ್ನ "ಏನ್ರೀ" ಬೆಂಗಳೂರಿನಲ್ಲಿದ್ದಾಗ "ಏನು" ಆಗಿ, ಸಿಡ್ನಿಗೆ ಬಂದ ಮೇಲೆ "ಸಾರಿ?" ಆಗಿ ಸವೆದು ಹೋಗಿತ್ತು. ಅಂಕಲ್ ಎದ್ದು ನಿಂತು ಅಲ್ಲಿಯೇ ನಾಟಕ ಮಾಡಿ ತೋರಿಸಿದರು. ಹಡಗಿನ ಕಟ್ಟೆ. ಗುಮಾಸ್ತ ತಲೆ ಎತ್ತದೆ ಕೇಳುತ್ತಾನೆ, ನೇಮ್? ಇಂಗ್ಲಿಷ್ ಬಾರದ ಬಸಲಿಂಗಪ್ಪ ಬಾಗಿ ಕೇಳುತ್ತಾನೆ, ಏನ್ರೀ? "ಗುಮಾಸ್ತ ಹೇಳ್ತಾನೆ, ವೆರಿ ಗುಡ್, ಹೆನ್ರಿ. ನೆಕ್ಸ್ಟ್!" ಇಂಗ್ಲಿಷರಲ್ಲಿ 'ಹ' ನುಂಗಿ 'ಎನ್ರಿ' ಎನ್ನುವವರು ಬೇಕಾದಷ್ಟಿದ್ದರಂತೆ, ಗುಮಾಸ್ತ ಪಾಪ, ನುಂಗಿದ 'ಹ'ವನ್ನು ತಾನೇ ಕೂಡಿಸಿ ಬರೆದಿರಬೇಕು. ಇತ್ತ ಫೋನಿನಲ್ಲಿ ಅವ್ವ ಇನ್ನೂ "ಏನ್ರೀ? ಏನ್ರೀ?" ಎನ್ನುತ್ತಲೇ ಇದ್ದಳು. ನಾನು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡೆ.

ಅಂಕಲ್ ಮಾತ್ರ ಇದ್ದಕ್ಕಿದ್ದಂತೆ ನಗು ನಿಲ್ಲಿಸಿ ಚೀಲದಿಂದ ಅನಾಥ ಪುಸ್ತಕ ತೆಗೆದರು. ಒಂದು ಪುಟ ತೆರೆದು ಬೆರಳಿಟ್ಟರು. ಕಪ್ಪು ಪೆನ್ಸಿಲ್ಲಿನಲ್ಲಿ ಬರೆದಿತ್ತು: ಹೆನ್ರಿ, ಇಂಡಿಯಾದವನು, ಕುದುರೆ ಸಾಯಿಸ, ಕಂಬರ್ಲೆಂಡ್ ಕೌಂಟಿ, ಕೇಳುವವರಿಲ್ಲ. ಪಕ್ಕದಲ್ಲಿ ಒಂದು ಪುಟ್ಟ ಶಿಲುಬೆ.

ಮರಣ ಪತ್ರದ ನಕಲಿಗೆ ಅರ್ಜಿ ಹಾಕಿದೆವು. ಇಲ್ಲಿನ ಹಳೆಯ ಮರಣ ಪತ್ರಗಳಲ್ಲಿ ಸತ್ತವನ ಹೆಂಡತಿ ಮಕ್ಕಳ ಹೆಸರಿಗೂ ಒಂದು ಕಾಲಮ್ ಇರುತ್ತದೆ. ನಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗಬೇಕು ಎಂದಿದ್ದರು ಅಂಕಲ್. ಮೂರು ವಾರಕ್ಕೆ ಅದು ನನ್ನ ಕೈಗೆ ಬಂತು. ಹೆನ್ರಿ ಕುದುರೆಯಿಂದ ಒದೆ ತಿಂದು ಆಸ್ಪತ್ರೆ ಸೇರಿದ್ದ, ಐದು ದಿನ ಬದುಕಿದ್ದ. ಮದುವೆ ಆಗಿದೆ, ಎಲ್ಲಿ ಎಂದು ತಿಳಿದಿಲ್ಲ. ಹೆಂಡತಿ: ನೆಲಿ. ಮಕ್ಕಳು: ಯೂರಪ್, 4.

ನಾನು ಫೋಟೊ ತೆಗೆದು ತಮ್ಮನಿಗೆ ಕಳಿಸಿದೆ. ಅವನು ಕೂಡಲೇ ಫೋನ್ ಮಾಡಿದ. "ಅಕ್ಕಾ, ಊರವ್ರು ಹೇಳಿದ್ದು ಖರೇನ ಅದ. ನೆಲಿ ಅಂತ ಬಿಳಿ ಹೆಂಡ್ತಿ. ಯುರೋಪಿನ್ಯಾಗ ನಾಲ್ಕು ಮಕ್ಕಳು! ಅವ್ವಗ ಹೇಳಬ್ಯಾಡ."

ಹೇಳಬಾರದೆಂದೇ ನಾನೂ ನಿರ್ಧಾರ ಮಾಡಿದೆ. ಮುಂದಿನ ಗುರುವಾರ ಕಾಗದವನ್ನು ಅಂಕಲ್ ಮುಂದಿಟ್ಟು, ಇದು ನಮ್ಮವನಲ್ಲ, ಬೇರೆ ಯಾರೋ ಹೆನ್ರಿ ಎಂದು ಅವ್ವನಿಗೆ ಹೇಳಿಬಿಡುತ್ತೇನೆ ಎಂದೆ. ಅವರು ಓದಿದರು.

"ಕಾಗದ ನಿನ್ನದಲ್ಲ ಬಾಯಿ, ಅಮ್ಮನದ್ದು. ಮತ್ತೆ ಇದನ್ನು ನೀನು ಕಣ್ಣಲ್ಲಿ ಓದಿದ್ದು. ನಾವು ಇದನ್ನು ಇನ್ನೂ ಕೇಳಲಿಲ್ಲ."

"ನೆಲಿ ಅಂದ್ರೆ ನೆಲಿ ಅಂಕಲ್, ಅದರಲ್ಲಿ ಕೇಳೋದೇನಿದೆ? ನಿಮಗೇನು, ಕಾಗದ ಸಿಕ್ಕರೆ ಹಬ್ಬ. ಮಾನ ಹೋಗೋದು ನಮ್ಮ ಮನೇದು!"

ಹೀಗೆ ಬಾಯಿ ಮಾಡಿ ಎದ್ದು ಬಂದೆ. ಎರಡು ಗುರುವಾರ ಆ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಕೂತು ಸಿಟ್ಟು ಮಾಡಿಕೊಂಡೆ, ಆಮೇಲೆ ಸಿಟ್ಟು ಮಾಡಿಕೊಂಡದ್ದಕ್ಕೆ ನಾಚಿಕೊಂಡೆ. ಮೂರನೆಯ ಗುರುವಾರ ಬೆಳಿಗ್ಗೆ ಅವರದೇ ಫೋನ್ ಬಂತು. "ಶನಿವಾರ ಮೆಲ್ಬರ್ನಿಗೆ ನಾನು ಟಿಕೆಟ್ ಬುಕ್ ಮಾಡಿದ್ದೇನೆ. ನೀನು ಬರುವುದಾದ್ರೆ ಬಾ. ಬಾರದಿದ್ರೆ ವಿಳಾಸ ಕೊಡು. ಅಮ್ಮನಿಗೆ ಹೌದಾದ್ರೆ ಹೌದು ಹೇಳುವ ಧೈರ್ಯ ಉಂಟು. ನಿನಗಿಲ್ಲ, ಅಷ್ಟೇ."

ನನಗೆ ಹಾಗೆ ಮುಖಕ್ಕೆ ಹೊಡೆದಂತೆ ಹೇಳಿದವರು ಅವರೊಬ್ಬರೇ. ಹೋದೆ.

ವೆರಿಬೀಯ ಮನೆಯಲ್ಲಿ ಅವ್ವ ಅವರಿಗೆ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದಳು. ಅಂಕಲ್‌ಗೆ ಕಟ್ಟಿಸಿದ ಹಲ್ಲು. ರೊಟ್ಟಿ ಮುರಿದಾಗ ಬಂದ ಸಪ್ಪಳಕ್ಕೆ ತಾವೇ ಬೆಚ್ಚಿ, ಬಾಯಿಗೆ ಕೈ ಹಾಕಿ ನೋಡಿಕೊಂಡು, "ರೊಟ್ಟಿಯೇ, ಹಲ್ಲು ಉಂಟು" ಎಂದರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನೂ ತಮ್ಮನೂ ಮಾತ್ರ ಅಂಕಲ್‌ರ ಚೀಲದ ಕಡೆಗೇ ನೋಡುತ್ತ ಕೂತಿದ್ದೆವು.

ಊಟವಾದ ಮೇಲೆ ಅಂಕಲ್ ಅವ್ವನ ಬಲಗಿವಿಯ ಕಡೆಗೆ ಕುರ್ಚಿ ಎಳೆದುಕೊಂಡರು. "ಅಮ್ಮಾ, ಇದರಲ್ಲಿ ಎಂತ ಉಂಟೋ ನನಗೆ ಅರ್ಥ ಆಗಲಿಲ್ಲ. ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಓದಲಾ?"

"ಓದ್ರೀ. ಅದಕ್ಕಂತ ಕುಂತೀನಿ."

"ಹೆನ್ರಿ. ಕುದುರೆ ಸಾಯಿಸ. ಹೆಂಡತಿ..." ಅಂಕಲ್ ಗುಮಾಸ್ತನ ಹಾಗೆ ಮೂಗಿನಲ್ಲಿ, ಎಳೆದು ಹೇಳಿದರು. "ನೆಲೀ."

"ಏನ್ರೀ?"

"ನೇ...ಲೀ."

ಅವ್ವನ ಕೈ ಮೇಜಿನ ಮೇಲೆ ಬಂತು. "ನೀಲಿ! ನಮ್ಮಾಯಿ ನೀಲವ್ವ. ಅಜ್ಜ ನೀಲಿ ಅಂತ ಕರೀತಿದ್ನಂತ, ಆಯಿನ ಹೇಳತಿದ್ಲು. ಮುಂದ ಓದ್ರೀ."

ಅಂಕಲ್ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಕಾಗದ ನೋಡದೆ, ಅವ್ವನ ಮುಖ ನೋಡುತ್ತ ಹೇಳಿದರು. "ಯೂರಪ್. ನಾಲ್ಕು."

"ಈರಪ್ಪ," ಅಂದಳು ಅವ್ವ.

ನಾನು, "ಅಜ್ಜನ ಹೆಸರು ವೀರಪ್ಪ ಅಲ್ಲೇನವಾ?" ಎಂದೆ.

"ವೀರಪ್ಪ ಸಾಲ್ಯಾಗ ಬರಸಿದ್ದು. ಮನ್ಯಾಗ ಈರಪ್ಪ. ನಮ್ಮಾಯಿ ಸಾಯೂತನಕ ಈರಪ್ಪಾ ಅಂತನ ಕರದ್ಲು." ಅವ್ವ ಕಾಗದವನ್ನು ತನ್ನ ಕಡೆ ಎಳೆದುಕೊಂಡಳು. ಅವಳಿಗೆ ಇಂಗ್ಲಿಷ್ ಬಾರದು, ಆದರೆ ಅಂಕಿ ಬರುತ್ತದೆ. ಆ ನಾಲ್ಕರ ಮೇಲೆ ಬೆರಳಿಟ್ಟಳು. "ಇದು ಅವನ ವಯಸ್ಸು. ಕೂಸಿನ ತೊಟ್ಟಲದಾಗ ಬಿಟ್ಟು ಬಂದಾಂವ, ಇಲ್ಲಿ ಕುಂತು ಒಂದ್ವರ್ಷ, ಎರಡ್ವರ್ಷ ಅಂತ ಎಣಸಾಕತ್ತಿದ್ದ. ಓಡಿ ಹೋದಾಂವ ಮಗನ ವಯಸ್ಸು ಎಣಸ್ತಾನೇನ್ರೀ?"

ತಮ್ಮ ಎದ್ದು ಅಡುಗೆಮನೆಗೆ ಹೋದ. ಅವ್ವ ಅಳುತ್ತಲೇ ನಗುತ್ತಿದ್ದಳು. "ಯೂರಪ್ ಅಂತ! ನಮ್ಮಪ್ಪಗ! ಹುಬ್ಬಳ್ಳಿ ದಾಟಿ ಹೋಗಲಾರದಾಂವ!" ಅಂಕಲ್ ಬಲಗಿವಿಯ ಮೇಲಿನ ಕೆಂಪು ಪೆನ್ಸಿಲ್ ತೆಗೆದು ಅವ್ವನ ಕೈಗೆ ಕೊಟ್ಟು, ಅನಾಥ ಪುಸ್ತಕದ ಆ ಪುಟ ತೆರೆದಿಟ್ಟರು. ಅವ್ವ ಅಂಕಲ್ ತೋರಿಸಿದ ಕಡೆ, ಕೇಳುವವರಿಲ್ಲ ಎಂಬ ಮಾತಿನ ಮೇಲೆ, ಒಂದು ದಪ್ಪ ಗೀಟು ಎಳೆದಳು.

ಆಗಲೇ ಅವಳಿಗೆ ಪಕ್ಕದ ಶಿಲುಬೆ ಕಂಡದ್ದು. ಇದೇನು ಎಂದು ಕೇಳಿದಳು. ಅಂಕಲ್‌ರ ಆ ದೊಡ್ಡ ಕಿವಿಗಳು ಕೆಂಪಾದವು. "ತಪ್ಪಾಯ್ತು ಅಮ್ಮಾ. ಹೆನ್ರಿ ಅಂತ ಇತ್ತಲ್ಲ, ನಮ್ಮವರು ಯಾರೋ ಅಂತ ತಿಳಿದೆ. ಒಂಬತ್ತು ವರ್ಷದಿಂದ ಇವರಿಗೆ ಮೇಣದ ಬತ್ತಿ ಹಚ್ಚಿ ಪ್ರಾರ್ಥನೆ ಮಾಡ್ತಾ ಬಂದಿದ್ದೇನೆ. ಕೊರಳಲ್ಲಿ ಲಿಂಗ ಇದ್ದವರು ಅಂತ ನನಗೆ ಹೇಗೆ ಗೊತ್ತಾಗಬೇಕು?"

ಅವ್ವ ಎರಡೂ ಕೈ ಜೋಡಿಸಿದಳು. "ತಪ್ಪೇನ್ರೀ! ಅಂವಗ ನಾವು ಯಾರೂ ಒಂದು ದೀಪ ಹಚ್ಚಲಿಲ್ಲ. ಸತ್ತಾನೋ ಬದಕ್ಯಾನೋ ತಿಳೀಲಾರದ ಸುಮ್ಮನ ಕುಂತ್ವಿ. ನೀವು ಹಚ್ಚೀರಿ."

ನನ್ನ ಬಾಯಿ ಕೇಳಬೇಕಲ್ಲ. "ಆದರೆ ಅಂಕಲ್, ಹೆಸರೇ ತಪ್ಪಿತ್ತಲ್ಲ. ಹೆನ್ರಿಗೆ ಹಚ್ಚಿದ್ದು ಬಸಲಿಂಗಪ್ಪನಿಗೆ ಮುಟ್ಟುತ್ತಾ?"

"ಮುಟ್ಟಿರ್ತದೆ ಬಾಯಿ. ದೇವರ ಕಿವಿ ಗುಮಾಸ್ತನ ಕಿವಿ ಅಲ್ಲ."

ಆಮೇಲೆ ಅವರು ನಮ್ಮ ಮನೆಯವರೇ ಆಗಿಬಿಟ್ಟರು. ಕ್ರಿಸ್‌ಮಸ್ಸಿಗೆ ಅವರ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ಡಬ್ಬಿ, ವೆರಿಬೀಗೆ ಹೋಗುತ್ತಿತ್ತು, ಅಲ್ಲಿಂದ ಶೇಂಗಾ ಹೋಳಿಗೆ ಲಿವರ್‌ಪೂಲಿಗೆ ಬರುತ್ತಿತ್ತು. ಅವ್ವನನ್ನು ಸಿಡ್ನಿಗೆ ಕರೆತಂದಾಗ ನಕ್ಷೆ ಹಿಡಿದು ಕೌಂಟಿಯ ಆ ಹಳೆಯ ಸ್ಮಶಾನಕ್ಕೆ ಕರೆದುಕೊಂಡು ಹೋದವರೂ ಅವರೇ. ಕಲ್ಲಿಲ್ಲ, ಗುರುತಿಲ್ಲ, ಹುಲ್ಲು ಮಾತ್ರ. ಅವ್ವ ಹುಲ್ಲಿನ ಮೇಲೆ ವಿಭೂತಿ ಹಾಕಿ, "ಅಜ್ಜಾ, ಈರಪ್ಪನ ಮಗಳು ಬಂದೀನಿ" ಎಂದು ಜೋರಾಗಿ ಹೇಳಿದಳು. ಅಂಕಲ್ ಟೊಪ್ಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಬರುವಾಗ ಕಾರಿನಲ್ಲಿ ನಾನು ಮುಂದೆ ನೋಡುತ್ತಲೇ, ಅವತ್ತು ಹಾಗೆ ಬಾಯಿ ಮಾಡಬಾರದಿತ್ತು ಅಂಕಲ್ ಎಂದೆ. "ಎಂತದ್ದು? ನನಗೆ ಕೇಳಲಿಲ್ಲ" ಎಂದರು. ಆ ಕಿವಿಗಳಿಗೆ ಕೇಳಲಿಲ್ಲವಂತೆ!

ಹೋದ ವರ್ಷದ ಚಳಿಗಾಲದಲ್ಲಿ ಒಂದು ಬುಧವಾರ ಅವರು ನಿದ್ದೆಯಲ್ಲೇ ಹೋದರು. ಇಗರ್ಜಿ ತುಂಬಿತ್ತು. ವಿಯೆಟ್ನಾಮಿನವರು, ಲೆಬನಾನಿನವರು, ಇಟಲಿಯವರು, ಅವರಿಂದ ಅಜ್ಜ ಅಜ್ಜಿ ಸಿಕ್ಕವರೆಲ್ಲ ಬಂದಿದ್ದರು. ಕೈಗೆ ಕೊಟ್ಟ ಪ್ರಾರ್ಥನೆಯ ಪುಸ್ತಿಕೆಯಲ್ಲಿ ಅವರ ಹೆಸರಿನ ಒಂದಕ್ಷರ ತಪ್ಪಾಗಿ ಅಚ್ಚಾಗಿತ್ತು. ಮಗ ಪಾಪ ಎಲ್ಲರ ಹತ್ತಿರ ಕ್ಷಮೆ ಕೇಳುತ್ತಿದ್ದ. ನನಗೋ ಅಷ್ಟು ದುಃಖದಲ್ಲೂ ನಗು ಉಕ್ಕಿ ಬಂತು. ಅಂಕಲ್ ಇದ್ದಿದ್ದರೆ ಅದನ್ನು ಕತ್ತರಿಸಿ ಅನಾಥ ಪುಸ್ತಕಕ್ಕೆ ಅಂಟಿಸುತ್ತಿದ್ದರು. ಆ ಪುಸ್ತಕವನ್ನು ಮಗ ನನಗೆ ಕೊಟ್ಟಿದ್ದಾನೆ, ಗುರುವಾರದ ಆ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ನನ್ನ ಕಿವಿಗಳು ಚಿಕ್ಕವು, ಪೆನ್ಸಿಲ್ ನಿಲ್ಲುವುದಿಲ್ಲ, ಜಾರಿ ಬೀಳುತ್ತದೆ.

ನವೆಂಬರ್ ಎರಡಕ್ಕೆ ವೆರಿಬೀಗೆ ಹೋಗಿದ್ದೆ. ಅವ್ವ ದೇವರ ಗೂಡಿನ ಮುಂದೆ, ಬಸವಣ್ಣನ ಪಟದ ಪಕ್ಕ, ಅಂಕಲ್ ಅಂದು ಅವಳ ಕೈಯಲ್ಲೇ ಬಿಟ್ಟು ಹೋಗಿದ್ದ ಆ ಕೆಂಪು ಪೆನ್ಸಿಲ್ಲಿನ ಹತ್ತಿರ ಒಂದು ಮೇಣದ ಬತ್ತಿ ಹಚ್ಚಿಟ್ಟು, ಕಣ್ಣು ಮುಚ್ಚಿ ಅಂಕಲ್‌ರ ಪೂರ್ತಿ ಹೆಸರು ಹೇಳಿದಳು. ಮೂರು ತುಂಡಿನ ಪೋರ್ಚುಗೀಸ್ ಹೆಸರದು. ಅವ್ವನ ಬಾಯಲ್ಲಿ ಮೊದಲ ತುಂಡು ಬೆಳಗಾವಿ ಕಡೆಯ ಒಂದು ಊರಾಯಿತು, ಎರಡನೆಯದು ಒಂದು ಕಾಯಿಪಲ್ಯವಾಯಿತು, ಮೂರನೆಯದು ಏನಾಯಿತೋ ನನಗೂ ತಿಳಿಯಲಿಲ್ಲ.

ನಾನು ತಡೆಯಲಾರದೆ, "ಅವ್ವಾ, ಹೆಸರು ಪೂರ್ತಿ ತಪ್ಪು ಹೇಳಿದಿ" ಎಂದೆ.

ಅವ್ವ ಕಣ್ಣು ತೆರೆಯಲೇ ಇಲ್ಲ. "ಸುಮ್ನಿರವಾ," ಅಂದಳು. "ಅಲ್ಲೇನು ಗುಮಾಸ್ತ ಕುಂತಾನೇನು?"